ಹೊಸ ರ‍್ಯಾಮ್ ತೊಂದರೆ ಕೊಟ್ಟರೆ ವಿಂಡೋಸ್ ಅಳಿಸಬೇಡಿ

ಡೆಸ್ಕ್‌ಟಾಪ್‌ಗೆ ರ‍್ಯಾಮ್ ಹೆಚ್ಚಿಸಿದ ವಾರದಲ್ಲೇ ಬ್ಲೂ ಸ್ಕ್ರೀನ್ ಬರತೊಡಗಿದರೆ ನಮ್ಮಲ್ಲಿ ಸಿಗುವ ಸಲಹೆಗಳು ಗೊತ್ತೇ ಇವೆ. ಸ್ಟಿಕ್ ತೆಗೆದು ರಬ್ಬರ್‌ನಿಂದ ಉಜ್ಜಿ ಹಾಕಿ. ವೈರಸ್ ಇರಬೇಕು, ಸ್ಕ್ಯಾನ್ ಮಾಡಿ. ಯಾವುದಕ್ಕೂ ಬಗ್ಗದಿದ್ದರೆ ವಿಂಡೋಸ್ ಹೊಸದಾಗಿ ಹಾಕಿ. ಈ ಕೊನೆಯ ಸಲಹೆ ನಿಜಕ್ಕೂ ಅಪಾಯದ್ದು. ಹೊಸ ವಿಂಡೋಸ್‌ನ ಒಂದೊಂದು ಫೈಲೂ ಡಿಸ್ಕಿಗೆ ಹೋಗುವುದು ಅದೇ ರ‍್ಯಾಮ್ ಮೂಲಕ ಅಲ್ವಾ? ರಬ್ಬರ್ ಉಜ್ಜಿದಾಗ ಕೆಲವು ಸಲ ಸರಿಹೋಗುತ್ತದೆ, ಹೌದು. ಬಹಳ ಸಲ ಅದು ಸ್ಟಿಕ್ಕನ್ನು ತೆಗೆದು ಗಟ್ಟಿಯಾಗಿ ಕೂರಿಸಿದ್ದರ ಫಲ. ಉಜ್ಜಿದ್ದರಿಂದ ಚಿನ್ನದ ಲೇಪನ ಸವೆದಿದ್ದಷ್ಟೇ ಬಂತು.

ತೊಂದರೆ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯಲು ರ‍್ಯಾಮ್ ಒಳಗೆ ಇಣುಕಬೇಕು. ಐಬಿಎಂನ ರಾಬರ್ಟ್ ಡೆನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ಉಪಾಯ ಇವತ್ತಿಗೂ ನಡೆಯುತ್ತಿದೆ: ಒಂದು ಬಿಟ್‌ಗೆ ಒಂದು ಟ್ರಾನ್ಸಿಸ್ಟರ್, ಒಂದು ಪುಟ್ಟ ಕೆಪಾಸಿಟರ್. ಕೆಪಾಸಿಟರ್ ತುಂಬಿದ್ದರೆ 1, ಖಾಲಿಯಿದ್ದರೆ 0. ಆದರೆ ಅದು ಸೋರುತ್ತದೆ. ಅದಕ್ಕೇ ಡಿಡಿಆರ್4ನಲ್ಲಿ (ಇದು ರ‍್ಯಾಮ್‌ನ ಒಂದು ತಲೆಮಾರು, ಮುಂದಿನದು ಡಿಡಿಆರ್5) ಪ್ರತಿ ಸಾಲನ್ನೂ 64 ಮಿಲಿಸೆಕೆಂಡಿಗೊಮ್ಮೆ ಮತ್ತೆ ತುಂಬಬೇಕು.

ಓದುವ ಬಗೆ ಇನ್ನೂ ಸೊಗಸು. ತಕ್ಕಡಿಯನ್ನು ನೆನೆಸಿಕೊಳ್ಳಿ. ಓದುವ ತಂತಿಯನ್ನು ಮೊದಲು ಪೂರ್ತಿ ವೋಲ್ಟೇಜಿನ ಅರ್ಧಕ್ಕೆ ತಂದು ಮುಳ್ಳನ್ನು ನಡುವೆ ನಿಲ್ಲಿಸುತ್ತಾರೆ. ಆಮೇಲೆ ಕೆಪಾಸಿಟರ್‌ನ ಬಾಗಿಲು ತೆರೆಯುತ್ತದೆ. ಅದರ ಚಿಟಿಕೆ ಚಾರ್ಜು ತಕ್ಕಡಿಯನ್ನು ಕೂದಲೆಳೆಯಷ್ಟು ವಾಲಿಸುತ್ತದೆ. ಯಾವ ಕಡೆ ವಾಲಿತೋ ಆ ಕಡೆಗೆ ಸೆನ್ಸ್ ಆಂಪ್ಲಿಫೈಯರ್ ಎಂಬ ಪುಟ್ಟ ಸರ್ಕ್ಯೂಟ್ ಜೋರಾಗಿ ಒತ್ತುತ್ತದೆ. ಓದಿದೊಡನೆ ಮೂಲ ಚಾರ್ಜು ಹಾಳಾಗುವುದರಿಂದ, ಓದಿದ್ದನ್ನೇ ವಾಪಸ್ ಬರೆಯುವುದೂ ಅದರದೇ ಕೆಲಸ. ಇಷ್ಟೆಲ್ಲ ಮುಗಿಯುವುದು ಹತ್ತಾರು ನ್ಯಾನೋಸೆಕೆಂಡುಗಳಲ್ಲಿ! ಮುಳ್ಳು ವಾಲಲು ಬಿಡುವ ಸಮಯವನ್ನೇ ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿ ಟೈಮಿಂಗ್ ಅನ್ನುವುದು. ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡಿದರೆ ಆ ಸಮಯವನ್ನು ಕಡಿತ ಮಾಡಿ, ವೇಗ ಹೆಚ್ಚಿಸಿದ ಹಾಗೆ. ಮುಳ್ಳು ಸರಿಯಾಗಿ ವಾಲುವ ಮೊದಲೇ ತೂಕ ಬರೆದುಕೊಂಡರೆ ತಪ್ಪಾಗದೆ ಇರುತ್ತದೆಯೇ?

ಡಬ್ಬದ ಮೇಲೆ ಬರೆದ ವೇಗ ಸಿಕ್ಕೇ ಸಿಗುತ್ತದೆ ಎಂದು ನಂಬುವವರೇ ಜಾಸ್ತಿ. ಎಎಂಡಿಯ ರೈಜನ್ 7000 ಪ್ರೊಸೆಸರ್‌ಗೆ ಕಂಪನಿಯೇ ಹೇಳುವ ಡಿಡಿಆರ್5 ವೇಗ ಎರಡು ಸ್ಟಿಕ್‌ಗೆ 5200 (ಸೆಕೆಂಡಿಗೆ ಇಷ್ಟು ದಶಲಕ್ಷ ವರ್ಗಾವಣೆ). ನಾಲ್ಕು ಹಾಕಿದರೆ 3600. ಒಂದೇ ತಂತಿಗೆ ಎರಡು ಸ್ಟಿಕ್ ಜೋತುಬಿದ್ದಾಗ ಸಿಗ್ನಲ್ ಕಲಕುತ್ತದೆ, ಅಷ್ಟೇ. ಹಳೆಯ ಜೋಡಿಯ ಪಕ್ಕ ಅದೇ ಮಾಡೆಲ್‌ನ ಹೊಸ ಜೋಡಿ ಸೇರಿಸಿದರೂ ಒಳಗಿನ ಚಿಪ್ ಬೇರೆ ಇರಬಹುದು.

ಹಾಗಾಗಿ ಮೊದಲು ಎಕ್ಸ್‌ಎಂಪಿ ಆಫ್ ಮಾಡಿ. ಪೆನ್‌ಡ್ರೈವ್‌ನಲ್ಲಿ ಮೆಮ್‌ಟೆಸ್ಟ್86+ ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶ ಹಾಕಿ ರಾತ್ರಿಯಿಡೀ ಓಡಿಸಿ. ತಪ್ಪು ಸಿಕ್ಕರೆ ಪರದೆಯಲ್ಲಿ ಬರಬೇಕಿದ್ದ ಮೌಲ್ಯ, ಬಂದ ಮೌಲ್ಯ ಎರಡೂ ಕಾಣುತ್ತವೆ. ಎಂಟು ಎಫ್ ಇರಬೇಕಾದ ಕಡೆ ಐದು ಎಫ್, ಒಂದು ಬಿ, ಮತ್ತೆ ಎರಡು ಎಫ್ ಬಂತು ಅಂದುಕೊಳ್ಳಿ. ಇಲ್ಲಿ ಎಫ್ ಅಂದರೆ 1111, ಬಿ ಅಂದರೆ 1011. ಹಾಗಾಗಿ 1111 ಹೋಗಿ 1011 ಆಗಿದೆ, ಒಂದೇ ಬಿಟ್ ಬಿದ್ದಿದೆ. ಪ್ರತಿ ಸುತ್ತಿನಲ್ಲೂ ಅದೇ ವಿಳಾಸದಲ್ಲಿ ಅದೇ ಬಿಟ್ ಬಿದ್ದರೆ ಆ ಕೋಶವೇ ಕೆಟ್ಟಿರಬೇಕು. ತಪ್ಪುಗಳು ಎಲ್ಲೆಂದರಲ್ಲಿ ಚೆದುರಿದ್ದರೆ ವೇಗ, ಸ್ಲಾಟ್, ಪ್ರೊಸೆಸರ್ ಸಾಕೆಟ್ ಕಡೆ ನೋಡಿ. ಇನ್ನು ಒಂದೊಂದೇ ಸ್ಟಿಕ್ಕನ್ನು ಒಂದೇ ಸ್ಲಾಟ್‌ನಲ್ಲಿ ಪರೀಕ್ಷಿಸಿ, ಆಮೇಲೆ ಸ್ಲಾಟ್ ಬದಲಿಸಿ. ತಪ್ಪು ಸ್ಟಿಕ್ ಹಿಂದೆಯೇ ಹೋದರೆ ವಾರಂಟಿಗೆ ಕೊಡಿ. ಸ್ಲಾಟ್‌ನಲ್ಲೇ ಉಳಿದರೆ ಸ್ಟಿಕ್ ನಿರಪರಾಧಿ. ಡಿಡಿಆರ್5 ಹಾಕಿದ ಮೊದಲ ಸಲ ಪರದೆ ಕೆಲವು ನಿಮಿಷ ಕಪ್ಪಗೇ ಇದ್ದರೆ ಗಾಬರಿಯಾಗಿ ಸ್ವಿಚ್ ಆಫ್ ಮಾಡಬೇಡಿ. ಬೋರ್ಡು ಟೈಮಿಂಗ್ ಹೊಂದಿಸಿಕೊಳ್ಳುತ್ತಿರುತ್ತದೆ.

ಎಲ್ಲಕ್ಕೂ ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣದ ಮೇಲೆ ಗೂಬೆ ಕೂರಿಸುವವರೂ ಇದ್ದಾರೆ. ಕಣಗಳು ಬಿಟ್ ಕೆಡಿಸುವುದು ಸುಳ್ಳೇನಲ್ಲ. 1970ರ ದಶಕದ ಕೊನೆಗೆ ಇಂಟೆಲ್‌ನ ತಿಮೊಥಿ ಮೇ ಮತ್ತು ಮರ್ರೆ ವುಡ್ಸ್, ಚಿಪ್‌ನ ಕವಚದಲ್ಲಿದ್ದ ಯುರೇನಿಯಂ, ಥೋರಿಯಂ ಸೂಸುವ ಆಲ್ಫಾ ಕಣಗಳೇ ಬಿಟ್ ಕೆಡಿಸುತ್ತಿವೆ ಎಂದು ತೋರಿಸಿದರು. ಎಂಥ ಪತ್ತೇದಾರಿಕೆ! ಆದರೆ ಯಾವ ಕಣವೂ ದಿನವೂ ಅದೇ ವಿಳಾಸ ಹುಡುಕಿಕೊಂಡು ಬರುವುದಿಲ್ಲ. ಗೂಗಲ್ ಸರ್ವರ್‌ಗಳ ಮೇಲೆ 2009ರಲ್ಲಿ ಪ್ರಕಟವಾದ ಅಧ್ಯಯನವೂ ವರ್ಷಕ್ಕೆ ನೂರರಲ್ಲಿ 8ಕ್ಕೂ ಹೆಚ್ಚು ಸ್ಟಿಕ್‌ಗಳಲ್ಲಿ ತಪ್ಪು ಕಂಡಿತು. ಬಹುಪಾಲು ತಪ್ಪಿಗೆ ಹಾರ್ಡ್‌ವೇರ್ ದೋಷವೇ ಕಾರಣ ಎಂಬ ಕಡೆಗೇ ಅದು ಬೆರಳು ತೋರಿಸಿತು.

ವರ್ಕ್‌ಸ್ಟೇಷನ್‌ನಲ್ಲಿ ಗಂಭೀರ ಕೆಲಸ ಮಾಡುವವರು ತಪ್ಪನ್ನು ತಾನೇ ತಿದ್ದುವ ಇಸಿಸಿ ರ‍್ಯಾಮನ್ನೇ ಹಾಕಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಡಿಡಿಆರ್4ನಲ್ಲಿ ಅದು 64 ಬಿಟ್ ಮಾಹಿತಿಗೆ 8 ಬಿಟ್ ಕಾವಲು ಇಟ್ಟು, ಒಂದು ಬಿಟ್ ತಪ್ಪಿದರೆ ತಾನೇ ತಿದ್ದುತ್ತದೆ. ಡಿಡಿಆರ್5 ಚಿಪ್‌ನೊಳಗೆ ಇಸಿಸಿ ಇದೆಯಲ್ಲ, ಸಾಕು ಎನ್ನುವ ಮಾತು ಪೂರ್ತಿ ನಿಜವಲ್ಲ. ಚಿಪ್‌ನಿಂದ ಪ್ರೊಸೆಸರ್‌ವರೆಗಿನ ದಾರಿಗೆ ಅದರ ಕಾವಲಿಲ್ಲ.

ದೋಷ ಸರಿಹೋದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಹೊಸ ರ‍್ಯಾಮ್ ಹಾಕಿದ ದಿನದಿಂದ ಈಚೆಗೆ ಬರೆದ, ಕಾಪಿ ಮಾಡಿದ, ಜಿಪ್ ಮಾಡಿದ ಫೈಲುಗಳನ್ನು ಹಳೆಯ ಬ್ಯಾಕಪ್ ಜೊತೆ ಹೋಲಿಸಿ ನೋಡಿ. ಆ ಹಳೆಯ ಬ್ಯಾಕಪ್ ಮೇಲೆ ಮಾತ್ರ ಅಲ್ಲಿಯವರೆಗೆ ಹೊಸದನ್ನು ಬರೆಯಬೇಡಿ.