ಕಣ್ರೆಪ್ಪೆ: ತೆರೆಯೋದು ಮೂರು, ಮುಚ್ಚೋದು ಏಳು

ಪಿಯುಸಿ ತನಕ ಕನ್ನಡ ಮೀಡಿಯಂನಲ್ಲಿ ಓದಿ ಈಗ ನರ್ಸಿಂಗ್, ಆಪ್ಟೋಮೆಟ್ರಿ ಅಂತ ಸೇರಿರೋರಿಗೆ ಈ ನೋಟ್ಸ್. ಕಣ್ಣಿನ ಪಾಠ ಅಂದ್ರೆ ಎಲ್ರೂ ರೆಟಿನಾ, ಲೆನ್ಸ್ ಕಡೆ ಓಡ್ತೀವಿ, ರೆಪ್ಪೆ ಬಗ್ಗೆ "ಕಣ್ಣನ್ನು ರಕ್ಷಿಸುತ್ತದೆ" ಅಂತ ಒಂದು ಲೈನ್ ಬರ್ದು ಮುಂದಕ್ಕೆ ಹೋಗ್ತೀವಿ. ಹೇಗೆ ರಕ್ಷಿಸುತ್ತೆ ಅಂತ ವೈವಾದಲ್ಲಿ ಕೇಳಿದ್ರೆ ಬಾಯಿ ಕಟ್ಟುತ್ತೆ.

ಮೊದ್ಲು ಕೈ ತೊಳ್ಕೊಂಡು ಒಂದು ಕನ್ನಡಿ ಹಿಡ್ಕೊಂಡು ಕಿಟಕಿ ಹತ್ರ ನಿಂತ್ಕೊಳ್ಳಿ. ಕೆಳಗಿನ ರೆಪ್ಪೆನ ಬೆರಳಲ್ಲಿ ಮೆಲ್ಲಗೆ ಕೆಳಗೆಳೀರಿ. ಅಂಚು ಚೂಪಾಗಿಲ್ಲ ನೋಡಿ, ಸುಮಾರು 2 ಮಿಲಿಮೀಟರ್ ಅಗಲದ ಪುಟ್ಟ ಕಟ್ಟೆ ತರ ಇದೆ, ಮುಂದಿನ ತುದೀಲಿ ಕೂದ್ಲು, ಕಣ್ಣುಗುಡ್ಡೆಗೆ ತಾಗೋ ತುದೀಲಿ ಸೂಜಿಮೊನೆಯಷ್ಟು ಚುಕ್ಕೆಗಳ ಸಾಲು. ಆ ಚುಕ್ಕೆಗಳೇ ಮೈಬೋಮಿಯನ್ ಗ್ರಂಥಿಗಳ ಬಾಯಿ. ಮೂಗಿನ ಕಡೆ ಮೂಲೆ ಹತ್ರ ಒಂದು ಚಿಕ್ಕ ತೂತು ಕಾಣುತ್ತೆ, ಅದು ಪಂಕ್ಟಮ್, ಕಣ್ಣೀರು ಮೂಗಿಗೆ ಇಳಿಯೋ ದಾರಿ ಅಲ್ಲಿಂದ ಶುರು, ಅತ್ತಾಗ ಮೂಗು ಸೋರೋದು ಅದಕ್ಕೇ. ಅದೇ ಮೂಲೆಯಲ್ಲಿರೋ ಗುಲಾಬಿ ಬಣ್ಣದ ಮಡಿಕೆ ಮೂರನೇ ರೆಪ್ಪೆಯ ಉಳಿಕೆ. ಕೋಳಿ ಕಣ್ಣನ್ನ ಹತ್ರದಿಂದ ನೋಡಿದ್ರೆ ಒಂದು ತೆಳು ಪೊರೆ ಅಡ್ಡಡ್ಡ ಸರಿದು ಹೋಗೋದು ಕಾಣುತ್ತಲ್ಲ, ಅದೇ. ನಮ್ಮಲ್ಲಿ ಅದು ಹಾಗೆ ಸರಿದು ಕಣ್ಣು ಮುಚ್ಚಲ್ಲ.

ಪದರಗಳು ಬೇಗ ಮುಗಿಸೋಣ. ಹೊರಗೆ ಚರ್ಮ, ಇಡೀ ಮೈಯಲ್ಲಿ ಅತಿ ತೆಳು ಚರ್ಮ ಇದೇ, ಕೆಳಗಿನ ಅಂಗಾಂಶ ಸಡಿಲ ಆಗಿರೋದ್ರಿಂದ ರಾತ್ರಿಯೆಲ್ಲ ಅತ್ರೆ ಬೆಳಿಗ್ಗೆ ಊದ್ಕೊಳ್ಳುತ್ತೆ. ಆಮೇಲೆ ಆರ್ಬಿಕ್ಯುಲಾರಿಸ್ ಸ್ನಾಯು, ಆಮೇಲೆ ಟಾರ್ಸಲ್ ಪ್ಲೇಟ್, ಒಳಗೆ ಕಂಜಂಕ್ಟೈವಾ ಅನ್ನೋ ತೆಳು ಪೊರೆ. ಟಾರ್ಸಲ್ ಪ್ಲೇಟ್ ಮೃದ್ವಸ್ಥಿ ಅಲ್ಲ, ದಟ್ಟವಾದ ನಾರಿನ ಅಂಗಾಂಶ, ಇಲ್ಲಿ ತುಂಬಾ ಜನ ಮಾರ್ಕ್ಸ್ ಕಳ್ಕೋತಾರೆ.

ಈಗ ಆ ಚುಕ್ಕೆಗಳ ಕಥೆ. ಜರ್ಮನಿಯ ವೈದ್ಯ ಹೈನ್ರಿಖ್ ಮೈಬೋಮ್ 1666ರಲ್ಲಿ ಇವುಗಳನ್ನ ವಿವರಿಸಿದ, ಅದಕ್ಕೇ ಆ ಹೆಸರು. ಮೇಲಿನ ರೆಪ್ಪೆಯಲ್ಲಿ ಸುಮಾರು 30, ಕೆಳಗೆ ಸ್ವಲ್ಪ ಕಡಿಮೆ. ಇವು ಎಣ್ಣೆಯಂಥ ಪದಾರ್ಥ ಬಿಡ್ತವೆ. ಬಿಸಿ ಸಾರಿನ ಮೇಲೆ ಒಗ್ಗರಣೆ ಎಣ್ಣೆ ತೇಲುತ್ತಲ್ಲ, ಹಾಗೆ ಕಣ್ಣೀರಿನ ಮೇಲೆ ಈ ಎಣ್ಣೆ ಹರಡ್ಕೊಂಡು ನೀರು ಬೇಗ ಆರದ ಹಾಗೆ ನೋಡ್ಕೊಳ್ಳುತ್ತೆ. ಪ್ರತಿ ಸಲ ಕಣ್ಣು ಮಿಟುಕಿಸಿದಾಗ ಎಣ್ಣೆ ಹೊರಗೆ ಬರುತ್ತೆ, ಕಣ್ಣೀರು ಕಾರ್ನಿಯಾ (ಗುಡ್ಡೆಯ ಮುಂದಿನ ಪಾರದರ್ಶಕ ಪದರ) ಮೇಲೆ ಸಮನಾಗಿ ಬಳಿಯುತ್ತೆ, ಕಿವಿ ಕಡೆಯಿಂದ ಮೂಗಿನ ಕಡೆಗೆ ಜಿಪ್ ಎಳೆದ ಹಾಗೆ ಮುಚ್ಕೊಳ್ಳೋದ್ರಿಂದ ಧೂಳು, ಹಳೇ ಕಣ್ಣೀರು ಎಲ್ಲಾ ಪಂಕ್ಟಮ್ ಕಡೆಗೆ ತಳ್ಕೊಂಡು ಹೋಗುತ್ತೆ. ಸುಮ್ನೆ ಕೂತಿದ್ದಾಗ ನಿಮಿಷಕ್ಕೆ ಹೆಚ್ಚುಕಡಿಮೆ 15-20 ಸಲ ಮಿಟುಕಿಸ್ತೀವಿ, ಮೊಬೈಲ್ ನೋಡೋವಾಗ ಇದು ತುಂಬಾ ಇಳಿಯುತ್ತೆ, ಓದಿ ಓದಿ ಕಣ್ಣು ಉರಿಯೋದಕ್ಕೆ ಒಂದು ಕಾರಣ ಇದು. ಅಂದ ಹಾಗೆ 'ನಿಮಿಷ' ಅನ್ನೋ ಪದದ ಮೂಲ ಅರ್ಥವೇ ಕಣ್ಣು ಮಿಟುಕಿಸೋದು. ರೆಪ್ಪೆ ಮಿಟುಕಿಸದ ದೇವತೆಗಳಿಗೂ, ರೆಪ್ಪೆಯೇ ಇಲ್ಲದ ಮೀನಿಗೂ 'ಅನಿಮಿಷ' ಅಂತಾರೆ. ನನಗಂತೂ ಈ ಪದ ಗೊತ್ತಾದಾಗ ತುಂಬಾ ಖುಷಿಯಾಯ್ತು.

ನರಗಳೇ ಈ ಪಾಠದ ಜೀವಾಳ, ಇಲ್ಲಿ ನಿಧಾನಕ್ಕೆ ಓದಿ. ರೆಪ್ಪೆ ತೆರೆಯೋ ಸ್ನಾಯು ಬೇರೆ, ಮುಚ್ಚೋ ಸ್ನಾಯು ಬೇರೆ. ತೆರೆಯೋದು ಲಿವೇಟರ್, ಅದಕ್ಕೆ ಮೂರನೇ ಕಪಾಲ ನರ (ಮಿದುಳಿಂದ ನೇರವಾಗಿ ಹೊರಡೋ ನರಗಳಲ್ಲಿ ಮೂರನೇದು). ಮುಚ್ಚೋದು ಆರ್ಬಿಕ್ಯುಲಾರಿಸ್, ಅದಕ್ಕೆ ಏಳನೇ ನರ. ನಾನು ನೆನಪಿಟ್ಕೊಂಡಿದ್ದು ಹೀಗೆ: ಶಿವ ತೆರೆಯೋದು ಮೂರನೇ ಕಣ್ಣು, ಹಾಗಾಗಿ ಮೂರು ಅಂದ್ರೆ ತೆರೆಯೋದು. 'ಏಳು' ಅಂತ ಎಬ್ಬಿಸಿದ್ರೆ ಇನ್ನೂ ಗಟ್ಟಿಯಾಗಿ ಕಣ್ಣು ಮುಚ್ಚಿ ಮಲಗ್ತೀವಿ, ಹಾಗಾಗಿ ಏಳು ಅಂದ್ರೆ ಮುಚ್ಚೋದು. ತೆರೆಯೋದಕ್ಕೆ ಮುಲ್ಲರ್ ಅನ್ನೋ ಸಣ್ಣ ಸ್ನಾಯುವಿನ ಸಹಾಯನೂ ಇದೆ, ಅದಕ್ಕೆ ಸಿಂಪಥೆಟಿಕ್ ನರ, ಅಂದ್ರೆ ನಮ್ಮ ಇಚ್ಛೆ ಕೇಳದೆ ತಾನಾಗೇ ಕೆಲಸ ಮಾಡೋ ನರ. ಅದು ಕೆಟ್ಟರೆ ರೆಪ್ಪೆ ಒಂದೆರಡು ಮಿಲಿಮೀಟರ್ ಮಾತ್ರ ಜೋಲುತ್ತೆ, ಪಾಪೆ ಚಿಕ್ಕದಾಗುತ್ತೆ, ಇದು ಹಾರ್ನರ್ ಸಿಂಡ್ರೋಮ್.

ರೆಪ್ಪೆ ಜೋತು ಬೀಳೋದು ಟೋಸಿಸ್. ನಾಗರಹಾವು, ಕಟ್ಟುಹಾವು ಕಚ್ಚಿದಾಗ ವಿಷ ನರದಿಂದ ಸ್ನಾಯುವಿಗೆ ಹೋಗೋ ಸಂದೇಶನ ತಡೆಯುತ್ತೆ, ಮೊದಮೊದಲು ಕಾಣೋ ಲಕ್ಷಣಗಳಲ್ಲಿ ಟೋಸಿಸ್ ಒಂದು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದೋರಿಗೆ ಕಚ್ಚಿದ್ರೆ ಗಾಯ, ನೋವು ಅಷ್ಟಾಗಿ ಗೊತ್ತೇ ಆಗಲ್ಲ. ಹಾಗಾಗಿ ಯಾರಾದ್ರೂ ಬೆಳಿಗ್ಗೆ "ಕಣ್ಣು ಬಿಡೋಕಾಗ್ತಿಲ್ಲ" ಅಂದ್ರೆ ನಿದ್ದೆಗಣ್ಣು ಅನ್ಕೊಂಡು ಬಿಡಬೇಡಿ, ತಕ್ಷಣ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ಆದ್ರೆ ಕಣ್ಣಿಗೆ ನೇರವಾಗಿ ಅಪಾಯ ಜಾಸ್ತಿ ಇರೋದು ರೆಪ್ಪೆ ಮುಚ್ಚದೇ ಇದ್ದಾಗ. ನಮ್ಮ ಚಿಕ್ಕಪ್ಪಂಗೆ ಬೆಲ್ಸ್ ಪಾಲ್ಸಿ (ಏಳನೇ ನರ ಕೈಕೊಟ್ಟು ಮುಖದ ಒಂದು ಕಡೆ ಸ್ವಾಧೀನ ತಪ್ಪೋದು) ಆಗಿತ್ತು, ಮನೇಲೆಲ್ಲಾ ಗಾಳಿ ಬಡಿದಿದೆ ಅಂತಿದ್ರು. ಬಾಯಿ ಸೊಟ್ಟ ಆಗಿದ್ದೇ ಎಲ್ರಿಗೂ ಚಿಂತೆ, ಡಾಕ್ಟ್ರು ಮಾತ್ರ ಮೊದ್ಲು ಕೇಳಿದ್ದು "ರಾತ್ರಿ ಕಣ್ಣು ಪೂರ್ತಿ ಮುಚ್ಚುತ್ತಾ?" ಅಂತ. ರಾತ್ರಿ ನಾನೇ ಟಾರ್ಚ್ ಹಿಡ್ದು ನೋಡ್ದೆ, ಎಡಗಣ್ಣಲ್ಲಿ ರೆಪ್ಪೆಗಳ ಮಧ್ಯೆ ಬಿಳಿ ಗೆರೆ, ಗುಡ್ಡೆ ಮೇಲಕ್ಕೆ ತಿರುಗಿತ್ತು. ಕಣ್ಣು ಮುಚ್ಚೋಕೆ ಹೋದಾಗ ಗುಡ್ಡೆ ಹಾಗೆ ಮೇಲೇರಿ ಕಾರ್ನಿಯಾನ ಮರೆ ಮಾಡೋದಕ್ಕೆ ಬೆಲ್ಸ್ ಫಿನಾಮಿನನ್ ಅಂತಾರೆ. ರೆಪ್ಪೆ ಕೈಕೊಟ್ಟಾಗ ಗುಡ್ಡೆ ತನ್ನ ದಾರಿ ತಾನು ನೋಡ್ಕೊಳ್ಳುತ್ತೆ, ಆದ್ರೆ ಅಷ್ಟನ್ನೇ ನಂಬೋಕಾಗಲ್ಲ, ಕಾರ್ನಿಯಾ ಒಣಗಿದ್ರೆ ಹುಣ್ಣಾಗಿ ದೃಷ್ಟಿಗೇ ಕುತ್ತು. ಹಗಲು ಡ್ರಾಪ್ಸ್, ರಾತ್ರಿ ಮುಲಾಮು ಹಾಕಿ ರೆಪ್ಪೆಗೆ ಟೇಪ್, ಮೂರು ತಿಂಗ್ಳು ಚಿಕ್ಕಮ್ಮ ಒಂದು ದಿನ ತಪ್ಪಿಸಲಿಲ್ಲ.

ಇನ್ನು ಕಾರ್ನಿಯಲ್ ರಿಫ್ಲೆಕ್ಸ್. ಹತ್ತಿ ಎಳೆ ಕಾರ್ನಿಯಾಗೆ ತಾಗಿಸಿದ್ರೆ ಐದನೇ ನರ ಸುದ್ದಿ ಒಯ್ಯುತ್ತೆ, ಏಳನೇ ನರ ರೆಪ್ಪೆ ಮುಚ್ಚಿಸುತ್ತೆ, ಒಂದು ಕಣ್ಣಿಗೆ ತಾಗಿಸಿದ್ರೂ ಎರಡೂ ಮುಚ್ಚಬೇಕು. ಪ್ರಾಕ್ಟಿಕಲ್‌ನಲ್ಲಿ ಹತ್ತಿನ ಎದುರಿಂದ ತರಬೇಡಿ, ಪೇಷಂಟ್‌ಗೆ ಬೇರೆ ಕಡೆ ನೋಡೋಕೆ ಹೇಳಿ ಪಕ್ಕದಿಂದ ತನ್ನಿ. ಎದುರಿಂದ ಬಂದ್ರೆ ನೋಡಿದ ತಕ್ಷಣವೇ ರೆಪ್ಪೆ ಮುಚ್ಕೊಳ್ಳುತ್ತೆ, ಆಗ ನೀವು ಟೆಸ್ಟ್ ಮಾಡಿದ್ದು ಐದನೇ ನರ ಅಲ್ಲ, ಎರಡನೇದು, ಅಂದ್ರೆ ನೋಟದ ನರ.