ಗೊತ್ತಿರುವ ಪದವೇ ತೊಡಕು

ಭಾನುವಾರದ ಗೀತಾ ತರಗತಿಗೆ ಹೊಸದಾಗಿ ಸೇರುವವರು ಮೊದಲು ಕೇಳುವುದು ಪದಪಟ್ಟಿ. ‘ಸಾರ್, ಕಷ್ಟದ ಪದಗಳಿಗೆಲ್ಲ ಅರ್ಥ ಬರೆದು ಒಂದು ಜೆರಾಕ್ಸ್ ಕೊಟ್ಟುಬಿಡಿ.’ ಮೊದಲೆಲ್ಲ ಕೊಡುತ್ತಿದ್ದೆ, ಈಗ ಕೊಡುವುದಿಲ್ಲ. ‘ಕ್ಷೇತ್ರಜ್ಞ’ ಎಂದರೆ ಗೊತ್ತಿಲ್ಲ ಎಂಬುದಾದರೂ ಗೊತ್ತಿರುತ್ತದೆ, ನಿಂತು ಕೇಳುತ್ತಾರೆ. ಕನ್ನಡದವರು ಎಡವುವುದು ಮನೆಯಲ್ಲಿ ದಿನಾ ಆಡುವ ಪದಗಳಲ್ಲಿ.

ಎರಡನೇ ಅಧ್ಯಾಯದ 65ನೇ ಶ್ಲೋಕ ನಡೆಯುತ್ತಿತ್ತು: ‘ಪ್ರಸಾದೇ ಸರ್ವದುಃಖಾನಾಂ ಹಾನಿರಸ್ಯೋಪಜಾಯತೇ’. ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಓದಿ, ‘ಪ್ರಸಾದದಿಂದ ದುಃಖವೆಲ್ಲ ಹೋಗತ್ತೆ. ಅದಕ್ಕೇ ನಮ್ಮಮ್ಮ ಪ್ರಸಾದ ಬೇಡ ಅನ್ನಬಾರದು ಅಂತಿದ್ರು’ ಎಂದರು. ಯಾರೂ ನಗಲಿಲ್ಲ. ಅರ್ಧ ತರಗತಿ ಹಾಗೇ ಅಂದುಕೊಂಡಿತ್ತು.

ಹಿಂದಿನ ಶ್ಲೋಕದಲ್ಲೇ ಶಂಕರರ ಭಾಷ್ಯ ಈ ಪ್ರಸಾದಕ್ಕೆ ‘ಪ್ರಸನ್ನತೆ, ಸ್ವಾಸ್ಥ್ಯ’ ಎಂದು ಅರ್ಥ ಹೇಳಿದೆ. ನನ್ನ ಹಳೆಯ ಜೆರಾಕ್ಸಿನಲ್ಲೂ ಅದನ್ನೇ ಇಳಿಸಿದ್ದೆ. ಒಂದು ಸಂಸ್ಕೃತ ಪದಕ್ಕೆ ಇನ್ನೊಂದು ಸಂಸ್ಕೃತ ಪದ. ಕೇಳಿದವರಿಗೆ ಏನೂ ದಕ್ಕುತ್ತಿರಲಿಲ್ಲ. ಅವತ್ತು ‘ಪ್ರ’ ಉಪಸರ್ಗ, ‘ಸದ್’ ಧಾತು, ಅಂದರೆ ಕೂರುವುದು, ಎಂದು ಶುರು ಮಾಡಿದೆ. ಹಿಂದಿನ ಸಾಲಿನಲ್ಲಿದ್ದ ಅಜ್ಜಿ ತಡೆದರು: ‘ರಾಡಿ ನೀರನ್ನ ಅಲ್ಲಾಡಿಸದೆ ಇಟ್ಟರೆ ಮಣ್ಣೆಲ್ಲ ತಳದಲ್ಲಿ ಕೂತು, ಮೇಲೆ ತಿಳಿ ನಿಲ್ಲತ್ತಲ್ಲ, ಹಾಗೇನಪ್ಪ?’

ಹಾಗೇ. ಸಂಸ್ಕೃತದಲ್ಲಿ ಕೆಸರಿಳಿದ ಸ್ವಚ್ಛ ನೀರನ್ನೂ ಪ್ರಸನ್ನ ಎನ್ನುತ್ತಾರೆ. ಕಾವ್ಯದಲ್ಲಿ ಪ್ರಸಾದಗುಣ ಎಂದರೂ ಓದಿದೊಡನೆ ಅರ್ಥ ಕಾಣುವ ತಿಳಿತನವೇ. ನಮ್ಮ ‘ತಿಳಿ’ ಇನ್ನೂ ಒಂದು ಹೆಜ್ಜೆ ಮುಂದೆ: ತಿಳಿನೀರು, ತಿಳಿಸಾರು ಅನ್ನುವ ಬಾಯಲ್ಲೇ ತಿಳಿವು, ತಿಳಿವಳಿಕೆ ಅನ್ನುತ್ತೇವೆ. ಶ್ಲೋಕದ ಉಳಿದರ್ಧ ಹೇಳುವುದೂ ಅದನ್ನೇ, ಮನಸ್ಸು ತಿಳಿಯಾದವನ ಬುದ್ಧಿ ಬೇಗ ನೆಲೆ ನಿಲ್ಲುತ್ತದೆ ಎಂದು.

ಹಾಗಾದರೆ ದೊನ್ನೆಯೊಳಗಿನ ಸಜ್ಜಿಗೆ? ಅದೂ ಬೇರೆ ಪದವಲ್ಲ. ತಿಳಿಯಾದ ಮನಸ್ಸು ಒಲಿಯುತ್ತದೆ, ಒಲಿದವರು ಅನುಗ್ರಹಿಸುತ್ತಾರೆ, ಅನುಗ್ರಹವಾಗಿ ಕೈಗೆ ಬಂದದ್ದೂ ಪ್ರಸಾದವಾಗುತ್ತದೆ. ಮಧ್ವಮತದಲ್ಲಿ ವಿಷ್ಣುಪ್ರಸಾದವಿಲ್ಲದೆ ಮೋಕ್ಷವಿಲ್ಲ ಎಂದಾಗ ಆ ಪದಕ್ಕೆ ಅನುಗ್ರಹದ ಅರ್ಥ. ವೀರಶೈವ-ಲಿಂಗಾಯತರ ಅಷ್ಟಾವರಣದಲ್ಲಿ, ಅಂದರೆ ಭಕ್ತನನ್ನು ಕಾಯುವ ಎಂಟು ರಕ್ಷೆಗಳಲ್ಲಿ, ಪಾದೋದಕದ ಪಕ್ಕದಲ್ಲೇ ಪ್ರಸಾದಕ್ಕೆ ಸ್ವಂತ ಸ್ಥಾನವಿದೆ. ಆದ್ದರಿಂದ ಪದದ ಅರ್ಥ ಕೇಳುವ ಮೊದಲು, ಅದು ಯಾರ ಮನೆಯ ಮಾತು ಎಂದು ಕೇಳಿ ಎನ್ನುತ್ತೇನೆ.

ಸಂಸಾರದ ಪಾಡೂ ಇದೇ. ‘ಸಂಸಾರ ಸಮೇತ ಬನ್ನಿ’ ಎಂದು ಕರೆಯೋಲೆ ಕೊಡುವ ನಾವು, 12ನೇ ಅಧ್ಯಾಯದಲ್ಲಿ ‘ಮೃತ್ಯುಸಂಸಾರಸಾಗರ’ ಕಂಡರೆ ಗಾಬರಿಯಾಗುತ್ತೇವೆ. ‘ಅಂದ್ರೆ ಗಂಡ, ಮಕ್ಕಳನ್ನ ಬಿಡಬೇಕಾ ಸಾರ್?’ ಎಂದು ಹುಡುಗಿಯೊಬ್ಬಳು ನಿಜಕ್ಕೂ ಕೇಳಿದ್ದಾಳೆ. ಅದು ಹುಟ್ಟು ಸಾವುಗಳ ಸುತ್ತು. ಮದುವೆಯಾಗದವನಿಗೂ ಆ ಸಂಸಾರ ತಪ್ಪಿದ್ದಲ್ಲ. ಧರ್ಮದ ಕತೆ ಇಲ್ಲಿ ಬೇಡ. ‘ಧರ್ಮಕ್ಕೆ ಸಿಕ್ಕಿತು’, ‘ಧರ್ಮದೇಟು’ ಎರಡನ್ನೂ ಆಡುವವರಿಗೆ ಸ್ವಧರ್ಮ ವಿವರಿಸಲು ನನಗೆ ಎರಡು ಭಾನುವಾರ ಹಿಡಿಯುತ್ತದೆ.

ಈಗ ಪದಪಟ್ಟಿಯ ಬದಲು ಒಂದು ಕೆಲಸ ಕೊಡುತ್ತೇನೆ. ಶ್ಲೋಕದಲ್ಲಿ ಪರಿಚಯದ ಪದ ಸಿಕ್ಕರೆ ಅಡಿಗೆರೆ ಹಾಕಿ, ಮನೆಯಲ್ಲಿ ಅದನ್ನು ಯಾವ ವಾಕ್ಯದಲ್ಲಿ ಬಳಸುತ್ತೀರೋ ಅದನ್ನು ಪಕ್ಕದಲ್ಲಿ ಬರೆದು ತನ್ನಿ. ಎರಡೂ ಕಡೆ ಒಂದೇ ಅರ್ಥವೇ ಎಂದು ಅಲ್ಲಿಂದ ಪಾಠ ಶುರು.

ಹೋದ ತಿಂಗಳು 9ನೇ ಅಧ್ಯಾಯದ 22ನೇ ಶ್ಲೋಕಕ್ಕೆ ಒಬ್ಬರು ‘ನಿಮ್ಮ ಯೋಗಕ್ಷೇಮಕ್ಕೆ ಕಾಗದ ಬರೆಯುವುದು’ ಎಂಬ ಹಳೆಯ ಪತ್ರದ ಸಾಲು ತಂದರು. ಇನ್ನೊಬ್ಬರು ಎಲ್‌ಐಸಿ ಏಜೆಂಟರು. ಚೀಲದಿಂದ ರಸೀತಿ ತೆಗೆದು ಲಾಂಛನದ ಕೆಳಗಿದ್ದ, ಅದೇ ಶ್ಲೋಕದ ‘ಯೋಗಕ್ಷೇಮಂ ವಹಾಮ್ಯಹಮ್’ ತೋರಿಸಿದರು. ಇಷ್ಟು ವರ್ಷ ಅದು ಒಂದೇ ಪದ, ‘ಚೆನ್ನಾಗಿರುವುದು’ ಎಂದುಕೊಂಡಿದ್ದರಂತೆ. ಭಾಷ್ಯ ಅದನ್ನು ಎರಡಾಗಿ ಒಡೆಯುತ್ತದೆ: ಇಲ್ಲದ್ದು ದೊರಕುವುದು ಯೋಗ, ದೊರಕಿದ್ದನ್ನು ಕಾಯುವುದು ಕ್ಷೇಮ. ಏಜೆಂಟರು ಸ್ವಲ್ಪ ಹೊತ್ತು ರಸೀತಿಯನ್ನೇ ನೋಡುತ್ತಿದ್ದು, ‘ಹಾಗಾದ್ರೆ ಬೋನಸ್ಸು ಯೋಗ, ಕ್ಲೇಮು ಕ್ಷೇಮ’ ಎಂದರು. ನಾನು ತಿದ್ದಲು ಹೋಗಲಿಲ್ಲ.