ಸಾಹೇಬರು ಬದಲಾದರೆ ಆದೇಶವೂ ಬದಲಾಗುತ್ತಾ?

ಮಹಾರಾಷ್ಟ್ರದ ಜತ್ತ, ಅಕ್ಕಲಕೋಟ ಕಡೆಯ ರೈತರಲ್ಲಿ ಒಂದು ಅಂಜಿಕೆ ಇದೆ. ಫೇರಫಾರದ, ಅಂದರೆ ಜಮೀನಿನ ದಾಖಲೆಯಲ್ಲಿ ಹೆಸರು ಬದಲಾಯಿಸುವ ನೋಂದಣಿಯ, ತಕರಾರಿನಲ್ಲಿ ಒಬ್ಬ ತಹಶೀಲ್ದಾರರು ನಮ್ಮ ಪರ ಆದೇಶ ಕೊಟ್ಟು ವರ್ಗವಾಗಿ ಹೋದರು. ಹೊಸದಾಗಿ ಬಂದವರು ಅದನ್ನು ತಿರುಗಿಸಿಬಿಟ್ಟರೆ?

ಸುಮ್ನೆ ತಿರುಗಿಸಲು ಬರುವುದಿಲ್ಲ. ಆದರೆ ದಾರಿಯೇ ಇಲ್ಲ ಅಂತಲೂ ಅಲ್ಲ.

ಈ ಪ್ರಶ್ನೆ ಹಳೆಯದು. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಮರುಪರಿಶೀಲನೆಗೆ, ಅಂದರೆ ಕೊಟ್ಟ ತೀರ್ಪನ್ನು ಅದೇ ಕೋರ್ಟ್ ಮತ್ತೆ ನೋಡುವುದಕ್ಕೆ, ಒಂದು ನಿಯಮವಿತ್ತು. ಹೊಸ ಸಾಕ್ಷ್ಯ ಸಿಕ್ಕಿದ್ದರೆ ಅಥವಾ ಎದ್ದು ಕಾಣುವ ತಪ್ಪಿದ್ದರೆ ನಂತರ ಬಂದ ನ್ಯಾಯಾಧೀಶರನ್ನೂ ಕೇಳಬಹುದಿತ್ತು, ಬೇರೆ ಕಾರಣಕ್ಕೆ ಮರುಪರಿಶೀಲನೆ ಬೇಕಿದ್ದರೆ ತೀರ್ಪು ಕೊಟ್ಟ ನ್ಯಾಯಾಧೀಶರನ್ನೇ ಕೇಳಬೇಕಿತ್ತು. ಹೈಕೋರ್ಟಿಗೆ ಮಾತ್ರ ಇದು ಅನ್ವಯಿಸುತ್ತಿರಲಿಲ್ಲ. 1956ರ ತಿದ್ದುಪಡಿ ಆ ನಿಯಮವನ್ನು ತೆಗೆಯಿತು.

ಅಧಿಕಾರಿಗಳ ವಿಷಯದಲ್ಲಿ ಗೆರೆ ಎಳೆದದ್ದು 1970ರ ಸುಪ್ರೀಂ ಕೋರ್ಟ್ ತೀರ್ಪು. ಸೌರಾಷ್ಟ್ರದ ಭೂಸುಧಾರಣೆ ಕಾಯ್ದೆಯ ಮೊಕದ್ದಮೆ ಅದು. ಮರುಪರಿಶೀಲನೆಯ ಅಧಿಕಾರ ಕುರ್ಚಿಯ ಜೊತೆ ತಾನಾಗಿ ಬರುವುದಿಲ್ಲ, ಕಾನೂನೇ ಕೊಡಬೇಕು ಎಂದು ಕೋರ್ಟ್ ಹೇಳಿತು. 1980ರಲ್ಲಿ ಇನ್ನೊಂದು ಮಾತು ಸೇರಿತು. ನೋಟಿಸ್ ಮುಟ್ಟದಂಥ ಪ್ರಕ್ರಿಯೆಯ ದೋಷವಿದ್ದರೆ, ಆ ಆದೇಶವನ್ನು ತೆಗೆದುಹಾಕಿ ಮತ್ತೆ ವಿಚಾರಣೆ ಮಾಡಬಹುದು.

ಮಹಾರಾಷ್ಟ್ರದಲ್ಲಿ ಕಾನೂನು ಈ ಅಧಿಕಾರವನ್ನು ಕೊಟ್ಟಿದೆ. 1966ರ ಭೂಕಂದಾಯ ಸಂಹಿತೆಯ 258ನೇ ಕಲಮು ನೋಡಿ. ಅಧಿಕಾರಿ ತನ್ನ ಆದೇಶವನ್ನಷ್ಟೇ ಅಲ್ಲ, ತನ್ನ ಹಿಂದಿನವರ ಆದೇಶವನ್ನೂ ಮರುಪರಿಶೀಲಿಸಬಹುದು. ಆದರೆ ಬರವಣಿಗೆಯ ತಪ್ಪಿನ ಕಾರಣವೊಂದನ್ನು ಬಿಟ್ಟರೆ, ತಹಶೀಲ್ದಾರರು ಮೊದಲು ತಮ್ಮ ಮೇಲಿನವರ ಮಂಜೂರಿ ಪಡೆಯಬೇಕು. ಹಿಂದಿನವರ ಆದೇಶವಾದರೆ ಕಲೆಕ್ಟರ್ ಕೂಡ ಆಯುಕ್ತರನ್ನು ಕೇಳಬೇಕು. ಸಂಬಂಧಪಟ್ಟವರಿಗೆ ನೋಟಿಸ್ ಕೊಟ್ಟು, ಅವರ ಮಾತು ಕೇಳಬೇಕು. ಮೇಲ್ಮನವಿ ನಡೆಯುತ್ತಿದ್ದರೆ ಕೈ ಹಾಕುವಂತಿಲ್ಲ. ಖಾಸಗಿ ಜನರ ನಡುವಿನ ಹಕ್ಕಿನ ವಿಷಯವಾದರೆ ಅಧಿಕಾರಿ ತಾನಾಗಿಯೇ ತೆರೆಯುವಂತಿಲ್ಲ. ಅವರಲ್ಲೇ ಒಬ್ಬರು, ಆದೇಶವಾದ 90 ದಿನದೊಳಗೆ ಅರ್ಜಿ ಹಾಕಬೇಕು.

ನನ್ನ ಮಟ್ಟಿಗೆ ಇವುಗಳಲ್ಲಿ ಮಂಜೂರಿಯೇ ಎಲ್ಲಕ್ಕಿಂತ ದೊಡ್ಡದು. ಕುರ್ಚಿಗೆ ಬಂದವರ ಮನಸ್ಸಿಗೆ ಬಂದಂತೆ ನಮ್ಮ ಹೊಲದ ಉತಾರ (ಪಹಣಿ) ಬದಲಾಗಬಾರದು, ಅಲ್ವಾ? ನೋಟಿಸ್ ಬಂದ ದಿನವೇ ಆ ಮಂಜೂರಿಯ ನಕಲು ಕೇಳಿ. ನೋಟಿಸ್ ಮರಾಠಿಯಲ್ಲಿದೆ ಎಂದು ಪಕ್ಕಕ್ಕಿಡಬೇಡಿ. ಅದೇ ದಿನ ಯಾರಿಂದಾದರೂ ಓದಿಸಿ.

ಅದೇ ಸಂಹಿತೆಯ 155ನೇ ಕಲಮಿನ ಮೇಲೂ ಕಣ್ಣಿಡಿ. ಅದು ಬರವಣಿಗೆಯ ತಪ್ಪು ಮತ್ತು ಎಲ್ಲರೂ ಒಪ್ಪಿದ ತಪ್ಪು ತಿದ್ದಲು ಇರುವುದು. ಅದನ್ನು ತೋರಿಸಿ ಹಕ್ಕಿನ ನೋಂದಣಿಯನ್ನೇ ಬದಲಿಸಿದರೆ ತಕರಾರು ಎತ್ತಲೇಬೇಕು.

ಮರುಪರಿಶೀಲನೆಯಲ್ಲಿ ಆದೇಶ ಬದಲಾದರೆ, ಅದರ ಮೇಲೂ ಮೂಲ ಆದೇಶದ ಹಾಗೆಯೇ ಮೇಲ್ಮನವಿ ಹಾಕಬಹುದು. ಕಲೆಕ್ಟರ್‌ಗಿಂತ ಕೆಳಗಿನವರ ಆದೇಶಕ್ಕೆ 60 ದಿನ ಅವಕಾಶವಿದೆ.